ಲೋಹಗಳ ಸಹವಾಸ: ಕಡಲನೀರಿನ ಕೊಳವೆಗಳ ಜೋಡಣೆ ಮತ್ತು ಲೋಹದ ಆಯ್ಕೆಯ ಚರಿತ್ರೆ

ಹಡಗು ಸಾಗರದ ಮೇಲೆ ತೇಲುವುದರ ಜೊತೆಗೆ ಸಾಗರವನ್ನು ತನ್ನ ಒಡಲೊಳಕ್ಕೂ ಬರಮಾಡಿಕೊಳ್ಳುತ್ತದೆ. ಎಂಜಿನ್ನುಗಳನ್ನು ತಂಪಾಗಿಸಲು, ಉಗಿಯನ್ನು ಮರಳಿ ನೀರಾಗಿಸಲು, ಬೆಂಕಿ ನಂದಿಸಲು, ಸಮತೋಲನಕ್ಕಾಗಿ ತೊಟ್ಟಿಗಳನ್ನು ತುಂಬಿಸಲು ಕಡಲನೀರು ಕೊಳವೆಗಳ ಮೂಲಕ ಎಡೆಬಿಡದೆ ಹರಿಯುತ್ತಿರುತ್ತದೆ. ಈ ಕೊಳವೆಗಳನ್ನು ಒಂದೇ ತುಂಡಾಗಿ ಅಳವಡಿಸಲು ಬರುವುದಿಲ್ಲ. ರಿಪೇರಿಗಾಗಿ ಬಿಚ್ಚಬೇಕು, ಪಂಪುಗಳಿಗೂ ಕವಾಟಗಳಿಗೂ ಸೇರಿಸಬೇಕು. ಆದುದರಿಂದ ಕೊಳವೆಯ ತುದಿಯಲ್ಲಿ ಬಳೆಯಂತೆ ಹೊರಚಾಚಿದ ತಟ್ಟೆ, ಅದರ ಸುತ್ತ ಬೋಲ್ಟುಗಳಿಗೆ ರಂಧ್ರಗಳು, ಎದುರುಬದುರು ಕೂಡುವ ಎರಡು ತಟ್ಟೆಗಳ ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಎಂಬ ವ್ಯವಸ್ಥೆ ರೂಢಿಗೆ ಬಂದಿತು. ಕಾರ್ಯಾಗಾರದ ಭಾಷೆಯಲ್ಲಿ ಇದೇ ಫ್ಲ್ಯಾಂಜ್.

ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್. ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವ, ಲೋಹಗಳ ರಕ್ಷಾಪದರವನ್ನು ಭೇದಿಸಬಲ್ಲ ಇಂಥ ದ್ರವದಲ್ಲಿ ಯಾವ ಲೋಹ ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಗೆ ಎರಡೂವರೆ ಶತಮಾನಗಳ ಚರಿತ್ರೆಯಿದೆ. ಈ ಚರಿತ್ರೆಯನ್ನು ಸಾಮಾನ್ಯವಾಗಿ ಕಬ್ಬಿಣದಿಂದ ತಾಮ್ರಕ್ಕೆ, ತಾಮ್ರದಿಂದ ನಿಕಲ್ ಮಿಶ್ರಲೋಹಗಳಿಗೆ, ಅಲ್ಲಿಂದ ಟೈಟೇನಿಯಮ್ಮಿಗೆ ಏರಿದ ಮೆಟ್ಟಿಲುಗಳ ಸಾಲೆಂಬಂತೆ ವಿವರಿಸುವುದುಂಟು. ದಾಖಲೆಗಳನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ಎದ್ದುಕಾಣುತ್ತದೆ. ಅನಾಹುತಗಳು ಘಟಿಸಿದ್ದು ಹೆಚ್ಚಾಗಿ ಲೋಹದ ಮೈಯಲ್ಲಲ್ಲ, ಲೋಹಕ್ಕೆ ಲೋಹ ಸೇರುವ ಎಡೆಯಲ್ಲಿ. ಒಳ್ಳೆಯ ಲೋಹವೊಂದು ಮತ್ತೊಂದು ಒಳ್ಳೆಯ ಲೋಹದ ಪಕ್ಕದಲ್ಲಿದ್ದ ಕಾರಣಕ್ಕೇ ಕೆಟ್ಟ ಉದಾಹರಣೆಗಳು ಹೇರಳವಾಗಿವೆ. ಕನ್ನಡದಲ್ಲಿ ಇದಕ್ಕೆ ಸಹವಾಸದೋಷ ಎಂಬ ಸೊಗಸಾದ ಮಾತು ಮೊದಲೇ ಇದೆ.

ಈ ದೋಷ ಸ್ಪಷ್ಟವಾಗಿ ದಾಖಲಾದ ಮುಖ್ಯ ಪ್ರಸಂಗ ಬ್ರಿಟಿಷ್ ನೌಕಾಪಡೆಯ 'ಅಲಾರ್ಮ್' ಎಂಬ 32 ಫಿರಂಗಿಗಳ ಹಡಗಿನದು. ಮರದ ಹಡಗುಗಳ ತಳವನ್ನು ಉಷ್ಣವಲಯದ ನೀರಿನಲ್ಲಿ ಹಡಗುಹುಳುಗಳು ಕೊರೆದು ಜರಡಿ ಮಾಡುತ್ತಿದ್ದವು. ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡು ವೇಗ ತಗ್ಗುತ್ತಿತ್ತು. ಇದಕ್ಕೆ ಪರಿಹಾರವಾಗಿ 1761ರಲ್ಲಿ 'ಅಲಾರ್ಮ್'ನ ತಳಕ್ಕೆ ತೆಳುವಾದ ತಾಮ್ರದ ಹಾಳೆಗಳನ್ನು ಹೊದಿಸಿ ವೆಸ್ಟ್ ಇಂಡೀಸಿಗೆ ಕಳುಹಿಸಲಾಯಿತು. ಹಿಂದಿರುಗಿದ ಹಡಗನ್ನು 1763ರಲ್ಲಿ ಪರೀಕ್ಷಿಸಿದಾಗ ತಾಮ್ರ ಹೊದಿಸಿದ ಉದ್ದೇಶ ಬಹುಮಟ್ಟಿಗೆ ಈಡೇರಿತ್ತು. ಹುಳುವಿನ ಬಾಧೆಯಿರಲಿಲ್ಲ, ಚಿಪ್ಪುಗಳೂ ಕಚ್ಚಿರಲಿಲ್ಲ. ಆದರೆ ಹಾಳೆಗಳನ್ನು ಹಿಡಿದಿಟ್ಟಿದ್ದ ಕಬ್ಬಿಣದ ಮೊಳೆಗಳು ಅನೇಕ ಕಡೆ ಕರಗಿ ಹಿಟ್ಟಾಗಿದ್ದವು. ಎಲ್ಲ ಮೊಳೆಗಳಿಗೂ ಈ ಗತಿ ಬಂದಿರಲಿಲ್ಲ ಎಂಬುದೇ ಕುತೂಹಲದ ಅಂಶ. ತಾಮ್ರದ ಹಾಳೆಗಳನ್ನು ಸುತ್ತಿ ತಂದಿದ್ದ ಕಂದುಬಣ್ಣದ ಕಾಗದದ ಚೂರುಗಳು ಕೆಲವೆಡೆ ಮೊಳೆಗೂ ಹಾಳೆಗೂ ನಡುವೆ ಹಾಗೆಯೇ ಉಳಿದುಬಿಟ್ಟಿದ್ದವು. ಅಂಥ ಎಡೆಗಳಲ್ಲಿ ಕಬ್ಬಿಣ ಕೆಟ್ಟಿರಲಿಲ್ಲ. ತಾಮ್ರ ಮತ್ತು ಕಬ್ಬಿಣ ಕಡಲನೀರಿನಲ್ಲಿ ನೇರವಾಗಿ ತಾಗಬಾರದು ಎಂಬ ತೀರ್ಮಾನಕ್ಕೆ ಪರೀಕ್ಷಕರು ಬಂದರು.

ಗ್ಯಾಲ್ವಾನಿ ಕಪ್ಪೆಯ ಕಾಲಿನ ಪ್ರಯೋಗಗಳನ್ನು ಪ್ರಕಟಿಸಿದ್ದು 1791ರಲ್ಲಿ. ವೋಲ್ಟಾ ತನ್ನ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಎರಡು ಭಿನ್ನ ಲೋಹಗಳು ಉಪ್ಪುನೀರಿನಲ್ಲಿ ಕೂಡಿದರೆ ಒಂದು ವಿದ್ಯುತ್ಕೋಶವೇ ನಿರ್ಮಾಣವಾಗಿ, ಹೆಚ್ಚು ಕ್ರಿಯಾಶೀಲವಾದ ಲೋಹ ಕರಗುತ್ತದೆ ಎಂಬ ಸಿದ್ಧಾಂತಕ್ಕೆ ಮುಂಚೆಯೇ ಹಡಗುಕಟ್ಟೆಯ ಜನ ಅದರ ಫಲವನ್ನು ಕಣ್ಣಾರೆ ಕಂಡಿದ್ದರು. 1670ರ ದಶಕದಲ್ಲಿ ಸೀಸದ ಹಾಳೆ ಹೊದಿಸಿದ ಹಡಗುಗಳ ಚುಕ್ಕಾಣಿಯ ಕಬ್ಬಿಣ ಕೆಡುತ್ತದೆಂಬ ದೂರು ಕೂಡ ಇದೇ ಜಾತಿಯದು. ಇಂದು ತಾಮ್ರದ ಮಿಶ್ರಲೋಹದ ಕೊಳವೆಯನ್ನು ಉಕ್ಕಿನ ಕವಾಟಕ್ಕೆ ಸೇರಿಸುವಲ್ಲಿ ಫ್ಲ್ಯಾಂಜುಗಳ ನಡುವೆ ವಿದ್ಯುತ್ ಹರಿಯದ ಗ್ಯಾಸ್ಕೆಟ್, ಬೋಲ್ಟುಗಳಿಗೆ ಪ್ಲಾಸ್ಟಿಕ್ ತೋಳು ಮತ್ತು ವಾಷರು ಹಾಕುವ ಪದ್ಧತಿಗೆ ಆ ಕಂದು ಕಾಗದವೇ ಪೂರ್ವಜ ಎನ್ನಲು ಅಡ್ಡಿಯಿಲ್ಲ.

ತಿಳಿದದ್ದನ್ನು ಪಾಲಿಸಲು ಮಾತ್ರ ಇಪ್ಪತ್ತು ವರ್ಷಗಳೇ ಹಿಡಿದವು. ಅಮೆರಿಕದ ಸ್ವಾತಂತ್ರ್ಯಯುದ್ಧದ ಒತ್ತಡದಲ್ಲಿ, 1779ರಿಂದ ಮುಂದಕ್ಕೆ, ಬ್ರಿಟನ್ ತನ್ನ ಇಡೀ ನೌಕಾಬಲಕ್ಕೆ ಅವಸರದಿಂದ ತಾಮ್ರ ಹೊದಿಸಿತು. ಹಡಗಿನ ಮರಗಳನ್ನು ಬಿಗಿದಿದ್ದ ಕಬ್ಬಿಣದ ಬೋಲ್ಟುಗಳು ಹಾಗೆಯೇ ಉಳಿದವು. ನೀರಿನಿಂದ ಬೇರ್ಪಡಿಸಲು ಕಾಗದ, ಡಾಂಬರು ಮುಂತಾದವನ್ನು ನಂಬಲಾಯಿತು, ನಂಬಿಕೆ ಹುಸಿಯಾಯಿತು. ಗಟ್ಟಿಗೊಳಿಸಿದ ತಾಮ್ರದ ಬೋಲ್ಟುಗಳನ್ನು ತಯಾರಿಸುವ ವಿಧಾನ ಸಿದ್ಧಿಸಿದ ಮೇಲೆ, 1780ರ ದಶಕದ ಮಧ್ಯಭಾಗದಲ್ಲಿ, ನೀರಿನ ಮಟ್ಟದ ಕೆಳಗಿನ ಕಬ್ಬಿಣವನ್ನು ತೆಗೆದು ತಾಮ್ರದ ಬೋಲ್ಟುಗಳನ್ನು ಹಾಕುವ ಪದ್ಧತಿ ನೆಲೆಗೊಂಡಿತು. ಹಾಳೆಗೂ ಬೋಲ್ಟಿಗೂ ಒಂದೇ ಕುಲದ ಲೋಹ ಎಂಬ ನಿಯಮ ಹೀಗೆ ರೂಪುಗೊಂಡಿತು.

ಈ ಕಥೆಯ ಎರಡನೆಯ ಘಟ್ಟದಲ್ಲಿ ಸರ್ ಹಂಫ್ರಿ ಡೇವಿಯ ಪ್ರವೇಶವಾಗುತ್ತದೆ. ತಾಮ್ರವೂ ಕಡಲಿನಲ್ಲಿ ನಿಧಾನವಾಗಿ ಕರಗುತ್ತದೆ. ಹಾಳೆಗಳನ್ನು ಕೆಲವೇ ವರ್ಷಗಳಿಗೊಮ್ಮೆ ಬದಲಿಸಬೇಕಾಗಿ ಬಂದು ವೆಚ್ಚ ಏರಿದಾಗ ನೌಕಾಡಳಿತ ರಾಯಲ್ ಸೊಸೈಟಿಯ ನೆರವು ಕೋರಿತು. ಅದರ ಅಧ್ಯಕ್ಷನಾಗಿದ್ದ ಡೇವಿ 1824ರಲ್ಲಿ ಮಂಡಿಸಿದ ಪ್ರಬಂಧಗಳಲ್ಲಿ ಸಹವಾಸದೋಷವನ್ನೇ ಮದ್ದಾಗಿ ಬಳಸುವ ಉಪಾಯ ಸೂಚಿಸಿದ. ತಾಮ್ರಕ್ಕೆ ಸತು ಅಥವಾ ಕಬ್ಬಿಣದ ಚಿಕ್ಕ ತುಂಡೊಂದನ್ನು ಜೋಡಿಸಿದರೆ ಆ ತುಂಡು ತಾನು ಕರಗಿ ತಾಮ್ರವನ್ನು ಉಳಿಸುತ್ತದೆ. ರಕ್ಷಕ ಲೋಹದ ವಿಸ್ತೀರ್ಣ ತಾಮ್ರದ ನಲವತ್ತರಲ್ಲೊಂದರಿಂದ ನೂರೈವತ್ತರಲ್ಲೊಂದು ಪಾಲಿದ್ದರೂ ಸಾಕು ಎಂಬುದು ಅವನ ಪ್ರಯೋಗಗಳ ಫಲಿತಾಂಶ.

ಪರೀಕ್ಷೆಗೆ ಒದಗಿದ ಹಡಗುಗಳಲ್ಲಿ ಒಂದು 'ಸಮರಂಗ್'. ಇದು ಇಂಗ್ಲೆಂಡಿನ ಓಕ್ ಮರದ ಹಡಗಲ್ಲ. 1822ರಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕೊಚ್ಚಿಯಲ್ಲಿ ನೀರಿಗಿಳಿದ ತೇಗದ ಹಡಗು. ತಾಮ್ರದ ವಿಸ್ತೀರ್ಣದ ಎಂಬತ್ತರಲ್ಲೊಂದು ಪಾಲು ಎರಕ ಕಬ್ಬಿಣವನ್ನು ಅದರ ತಳಕ್ಕೆ ಕಟ್ಟಿ ನೋವಾ ಸ್ಕಾಟಿಯಾಕ್ಕೆ ಹೋಗಿಬರಲು ಬಿಡಲಾಯಿತು. ತಾಮ್ರ ಉಳಿಯಿತು. ಆದರೆ ರಕ್ಷಕಗಳನ್ನು ಅಳವಡಿಸಿದ್ದ ಬೇರೆ ಹಡಗುಗಳ ತಳವನ್ನು ಕಂಡವರು ದಂಗಾದರು. ಕರಗದೆ ಉಳಿದ ತಾಮ್ರದ ಮೇಲೆ ಬಾರ್ನಕಲ್‌ಗಳೂ ಪಾಚಿಯೂ ದಟ್ಟವಾಗಿ ಬೆಳೆದಿದ್ದವು. 1825ರಲ್ಲಿ ಕಡಲಿಗೆ ಹೋಗುವ ಹಡಗುಗಳಿಂದ ರಕ್ಷಕಗಳನ್ನು ತೆಗೆದುಹಾಕುವಂತೆ ಆದೇಶವಾಯಿತು. ಡೇವಿ ಪತ್ರಿಕೆಗಳ ಗೇಲಿಗೂ ಗುರಿಯಾದ.

ಇದನ್ನು ಡೇವಿಯ ಸೋಲೆಂದು ಬರೆಯುವುದು ವಾಡಿಕೆಯಾದರೂ ಅದು ನ್ಯಾಯವಲ್ಲ. ಪ್ರಯೋಗ ಹೇಳಹೊರಟ ಮಾತನ್ನು ಹೇಳಿತು. ಕೇಳದ ಇನ್ನೊಂದು ಮಾತನ್ನೂ ಹೇಳಿತು. ತಾಮ್ರ ಕಿಂಚಿತ್ ಕರಗುತ್ತಿರುವುದರಿಂದಲೇ ಜೀವಿಗಳು ಅದರ ಮೇಲೆ ನೆಲೆಯೂರುವುದಿಲ್ಲ. ಅದರ ಗುಣವೂ ದೋಷವೂ ಒಂದೇ ಕ್ರಿಯೆಯ ಎರಡು ಹೆಸರುಗಳು. ಇಂದಿಗೂ ತಾಮ್ರ-ನಿಕಲ್ ಕೊಳವೆಗೆ ಸತುವಿನ ತುಂಡನ್ನೋ ರಕ್ಷಣೆಯಿಲ್ಲದ ಉಕ್ಕನ್ನೋ ಜೋಡಿಸಿದರೆ ಆ ಕೊಳವೆಯೊಳಗೆ ಚಿಪ್ಪುಜೀವಿಗಳು ನೆಲೆಸುವ ಸಂಭವವಿದೆ. ಕೊಳವೆಯ ಲೋಹವನ್ನು ಆರಿಸುವವನು ಫ್ಲ್ಯಾಂಜಿನ ಲೋಹವನ್ನೂ ಜೊತೆಯಲ್ಲೇ ಆರಿಸಬೇಕಾದುದಕ್ಕೆ ಇದೂ ಒಂದು ಕಾರಣ.

ಹಡಗುಗಳು ಕಬ್ಬಿಣದವಾದ ಮೇಲೆ ತಾಮ್ರ ಹೊರಮೈಯಿಂದ ಒಳಗಿನ ಕೊಳವೆಗಳಿಗೆ ಸ್ಥಳಾಂತರಗೊಂಡಿತು. ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿನಲ್ಲಿ ನೂರಾರು ಸಣ್ಣ ಕೊಳವೆಗಳೊಳಗೆ ಕಡಲನೀರು ಹರಿಯುತ್ತದೆ. ಅವುಗಳಲ್ಲಿ ಒಂದು ತೂತಾದರೂ ಉಪ್ಪು ಬಾಯ್ಲರಿಗೆ ಸೇರುತ್ತದೆ. ಬಾಯ್ಲರು ಕೆಟ್ಟರೆ ಯುದ್ಧನೌಕೆ ನಿಂತಲ್ಲೇ ನಿಲ್ಲುತ್ತದೆ. ಮೊದಲು ಬಳಸಿದ ಹಿತ್ತಾಳೆಯಲ್ಲಿ ಸತು ಮಾತ್ರ ಕರಗಿಹೋಗಿ ಸ್ಪಂಜಿನಂಥ ತಾಮ್ರ ಉಳಿಯುತ್ತಿತ್ತು. ಶೇ. 70 ತಾಮ್ರ, ಶೇ. 29 ಸತುವಿಗೆ ಶೇ. 1 ತವರ ಬೆರೆಸಿದ 'ಅಡ್ಮಿರಾಲ್ಟಿ ಹಿತ್ತಾಳೆ' ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಪರಿಹಾರ. ಕೊಂಚ ಆರ್ಸೆನಿಕ್ ಸೇರಿಸಿದರೆ ಸತು ಕರಗುವುದು ನಿಲ್ಲುತ್ತದೆಂಬುದು ಅನಂತರ ತಿಳಿದದ್ದು. ಆದರೂ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಕಂಡೆನ್ಸರು ಸೋರಿಕೆ ಎಷ್ಟು ಕಾಡಿತೆಂದರೆ ನಾವಿಕರು ಅದಕ್ಕೆ ಕಾಯಿಲೆಯ ಹೆಸರಿನಂತೆ 'ಕಂಡೆನ್ಸರೈಟಿಸ್' ಎಂದು ಕರೆದರು. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಮೆಟಲ್ಸ್ 1910ರಲ್ಲಿ ರಚಿಸಿದ್ದ ಸಮಿತಿಯ ಪರವಾಗಿ ಗೈ ಬೆಂಗೋ ಮತ್ತು ಸಹೋದ್ಯೋಗಿಗಳು ನಡೆಸಿದ ಸಂಶೋಧನೆಗಳು ಈ ಕಾಯಿಲೆಯ ಮೂಲವನ್ನು ಹುಡುಕಿದವು. ನೀರಿನ ವೇಗ, ಅದರೊಳಗಿನ ಗಾಳಿಯ ಗುಳ್ಳೆಗಳು, ತಿರುವುಗಳಲ್ಲಿ ಏಳುವ ಸುಳಿಗಳು ರಕ್ಷಾಪದರವನ್ನು ಕಿತ್ತು ಬರಿಯ ಲೋಹವನ್ನು ಬಯಲಿಗೆ ಒಡ್ಡುತ್ತವೆ. ಲೋಹದ ರಾಸಾಯನಿಕ ಗುಣದ ಜೊತೆಗೆ ನೀರಿನ ನಡೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ತಿಳಿವು ಇಲ್ಲಿಂದ ಬಲವಾಯಿತು.

ಇದರ ಫಲವಾಗಿ 1920ರ ದಶಕದ ಕೊನೆಗೆ ಅಲ್ಯೂಮಿನಿಯಂ ಬೆರೆತ ಹಿತ್ತಾಳೆಯೂ ಆಮೇಲೆ ಕಬ್ಬಿಣದ ಸಣ್ಣ ಅಂಶವುಳ್ಳ ತಾಮ್ರ-ನಿಕಲ್ ಮಿಶ್ರಲೋಹಗಳೂ ಬಳಕೆಗೆ ಬಂದವು. ತಾಮ್ರ 90, ನಿಕಲ್ 10ರ ಮಿಶ್ರಣಕ್ಕೆ ಸುಮಾರು ಒಂದೂವರೆ ಶೇಕಡಾ ಕಬ್ಬಿಣ ಸೇರಿಸಿದಾಗ ಅದರ ರಕ್ಷಾಪದರ ರಭಸದ ನೀರಿಗೂ ಜಗ್ಗದಷ್ಟು ಗಟ್ಟಿಯಾಗುತ್ತದೆ. ದೊಡ್ಡ ಕೊಳವೆಗಳಲ್ಲಿ ಸೆಕೆಂಡಿಗೆ ಸುಮಾರು ಮೂರರಿಂದ ಮೂರೂವರೆ ಮೀಟರ್ ವೇಗದವರೆಗೆ ಇದನ್ನು ನಂಬಬಹುದು; ಶುದ್ಧ ತಾಮ್ರಕ್ಕೆ ಒಂದು ಮೀಟರಿನ ಆಸುಪಾಸೇ ಮಿತಿ. ಎರಡನೆಯ ಮಹಾಯುದ್ಧದ ನಂತರ ಯುದ್ಧನೌಕೆಗಳಲ್ಲೂ ವ್ಯಾಪಾರಿ ಹಡಗುಗಳಲ್ಲೂ ಈ ಮಿಶ್ರಲೋಹ ವ್ಯಾಪಕವಾಗಿ ನೆಲೆಯೂರಿತು.

ಇಷ್ಟೆಲ್ಲ ತಿಳಿದ ಮೇಲೂ 'ಅಲಾರ್ಮ್'ನ ಪಾಠ ಮರೆತ ಪ್ರಸಂಗವೊಂದಿದೆ. 1915ರಲ್ಲಿ ಅಮೆರಿಕದಲ್ಲಿ 'ಸೀ ಕಾಲ್' ಎಂಬ ವೈಭವದ ವಿಹಾರನೌಕೆ ನಿರ್ಮಾಣವಾಯಿತು. ಅದರ ಹೊರಮೈ ನಿಕಲ್-ತಾಮ್ರಗಳ ಮಿಶ್ರಣವಾದ ಮೋನೆಲ್ ಲೋಹದ್ದು. ಆಗ ಅದಕ್ಕಿಂತ ದುಬಾರಿಯಾದ, ಕಡಲಿಗೆ ಹೆಚ್ಚು ಒಗ್ಗಿದ ಲೋಹ ಸಿಗುತ್ತಿರಲಿಲ್ಲ. ಒಳಗಿನ ಚೌಕಟ್ಟು ಮಾತ್ರ ಉಕ್ಕಿನದು. ಮೋನೆಲ್‌ಗೆ ಏನೂ ಆಗಲಿಲ್ಲ. ಅದಕ್ಕೆ ತಾಗಿದ್ದ ಉಕ್ಕು ಕರಗತೊಡಗಿ ನೌಕೆಯನ್ನು ಬಹುಬೇಗ ಗುಜರಿಗೆ ಹಾಕಬೇಕಾಯಿತು. ದುಬಾರಿ ಲೋಹ ತಂದರೆ ಸಮಸ್ಯೆ ತೀರಿತೆಂಬ ಭ್ರಮೆಗೆ ಇದಕ್ಕಿಂತ ದೊಡ್ಡ ದಂಡ ತೆತ್ತವರು ಕಡಿಮೆ.

ಇಲ್ಲಿ ವಿಸ್ತೀರ್ಣದ ಅನುಪಾತ ನಿರ್ಣಾಯಕ. ದೊಡ್ಡ ಉಕ್ಕಿನ ಫ್ಲ್ಯಾಂಜಿಗೆ ಚಿಕ್ಕ ಮೋನೆಲ್ ಬೋಲ್ಟು ಹಾಕಿದರೆ ಬೋಲ್ಟಿನ ಕೆಡುಕು ಫ್ಲ್ಯಾಂಜಿನ ಅಗಲದಲ್ಲಿ ಹಂಚಿಹೋಗುತ್ತದೆ. ದೊಡ್ಡ ತಾಮ್ರ-ನಿಕಲ್ ಫ್ಲ್ಯಾಂಜಿಗೆ ಚಿಕ್ಕ ಉಕ್ಕಿನ ಬೋಲ್ಟು ಹಾಕಿ ನೀರಿಗೆ ಒಡ್ಡಿದರೆ ಇಡೀ ಕೇಡು ಆ ಬೋಲ್ಟಿನ ಮೇಲೆಯೇ ಬೀಳುತ್ತದೆ. ಬೋಲ್ಟು ಫ್ಲ್ಯಾಂಜಿಗಿಂತ ಕೊಂಚ ಶ್ರೇಷ್ಠ ಲೋಹದ್ದಾಗಿರಬೇಕು, ಎಂದೂ ಕೀಳಾಗಿರಬಾರದು ಎಂಬ ಕಾರ್ಯಾಗಾರದ ಕಟ್ಟಳೆ ಹುಟ್ಟಿದ್ದು ಹೀಗೆ. ಮನೆಗಳಲ್ಲಿ ಜಿಐ ಪೈಪಿಗೆ ಹಿತ್ತಾಳೆ ನಲ್ಲಿ ತಿರುಗಿಸಿ ಕೂರಿಸಿದಲ್ಲಿ ಪೈಪಿನ ಮರೆ ಮೊದಲು ತುಕ್ಕುಹಿಡಿಯುವುದನ್ನು ಕರಾವಳಿಯ ಯಾವ ಪ್ಲಂಬರನ್ನು ಕೇಳಿದರೂ ಹೇಳುತ್ತಾನೆ.

ಹಡಗಿನ ಫ್ಲ್ಯಾಂಜುಗಳಿಗೆ ಬಹುಕಾಲ ಎರಕ ಕಬ್ಬಿಣವೂ, ತಾಮ್ರ 88, ತವರ 10, ಸತು 2ರ ಪ್ರಮಾಣದ ಗನ್‌ಮೆಟಲ್ ಕಂಚೂ ಬಳಕೆಯಲ್ಲಿದ್ದವು. ಇಡೀ ಫ್ಲ್ಯಾಂಜನ್ನು ತಾಮ್ರ-ನಿಕಲ್‌ನಿಂದಲೇ ಮಾಡುವುದು ಉತ್ತಮವಾದರೂ ದುಬಾರಿ. ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ಕೊಳವೆಯ ತುದಿಗೆ ಅದೇ ತಾಮ್ರ-ನಿಕಲ್‌ನ ಕೊರಳಪಟ್ಟಿಯೊಂದನ್ನು ಬೆಸೆದು, ಅದರ ಹಿಂದೆ ಸಡಿಲವಾಗಿ ತಿರುಗುವ ಉಕ್ಕಿನ ಫ್ಲ್ಯಾಂಜನ್ನು ಕೂರಿಸಲಾಗುತ್ತದೆ. ನೀರು ತಾಗುವುದು ಕೊರಳಪಟ್ಟಿಯ ಮುಖಕ್ಕೆ ಮಾತ್ರ. ಉಕ್ಕು ಹೊರಗಿನಿಂದ ಬಿಗಿತವನ್ನಷ್ಟೇ ಒದಗಿಸುತ್ತದೆ. ಬಣ್ಣ ಬಳಿದು ಒಣಗಿರುವಂತೆ ನೋಡಿಕೊಂಡರೆ ಇಲ್ಲಿ ವಿದ್ಯುತ್ಕೋಶವೇ ಏರ್ಪಡುವುದಿಲ್ಲ. ಗ್ಯಾಸ್ಕೆಟ್ ಸೋರತೊಡಗಿದ ದಿನ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಪ್ಲಾಸ್ಟಿಕ್ ತೋಳುಗಳಿಂದ ಬೇರ್ಪಡಿಸಿದ ಜೋಡಣೆಗಳಿಗೂ ಇಂಥದೇ ದೌರ್ಬಲ್ಯವಿದೆ. ಎರಡೂ ಕಡೆಯ ಕೊಳವೆಗಳನ್ನು ಹಡಗಿನ ಉಕ್ಕಿನ ಗೋಡೆಗೆ ಲೋಹದ ಪಟ್ಟಿಯಿಂದಲೇ ಬಿಗಿದಿದ್ದರೆ ವಿದ್ಯುತ್ತು ಸುತ್ತುದಾರಿಯಲ್ಲಿ ಹೋಗಿ ಸೇರುತ್ತದೆ. ತೋಳು, ವಾಷರುಗಳ ಶ್ರಮ ವ್ಯರ್ಥ.

ಸ್ಟೇನ್‌ಲೆಸ್ ಸ್ಟೀಲ್ ಈ ಕ್ಷೇತ್ರಕ್ಕೆ ಬಂದಾಗ ಹೊಸ ಆಸೆ ಹುಟ್ಟಿದ್ದು ಸಹಜ. ಆದರೆ ಅದನ್ನು ಕಾಯುವ ಕ್ರೋಮಿಯಂ ಆಕ್ಸೈಡಿನ ಪದರಕ್ಕೆ ಆಮ್ಲಜನಕ ಬೇಕು. ಫ್ಲ್ಯಾಂಜಿನ ಮುಖ ಮತ್ತು ಗ್ಯಾಸ್ಕೆಟ್ಟಿನ ನಡುವಿನ ಕೂದಲೆಳೆಯ ಸಂದಿನೊಳಗೆ ನಿಂತ ನೀರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ, ಕ್ಲೋರೈಡ್ ಸೇರಿಕೊಳ್ಳುತ್ತದೆ, ನೀರು ಆಮ್ಲೀಯವಾಗುತ್ತದೆ, ಪದರ ಒಡೆಯುತ್ತದೆ. ಶೇ. 2ರಿಂದ 3 ಮಾಲಿಬ್ಡಿನಂ ಇರುವ 316 ದರ್ಜೆಯ ಉಕ್ಕಿನ ಕೊಳವೆ ಥಳಥಳಿಸುತ್ತಿದ್ದರೂ ಗ್ಯಾಸ್ಕೆಟ್ಟಿನ ಅಡಿಯಲ್ಲಿ ಆಳವಾದ ಕುಳಿಗಳು ಬಿದ್ದಿರುವುದು ಅಪರೂಪವಲ್ಲ. ಗ್ರಾಫೈಟ್ ಗ್ಯಾಸ್ಕೆಟ್ ಬಳಸಿದರೆ ಸಂಕಟ ಇಮ್ಮಡಿ. ಗ್ರಾಫೈಟ್ ಲೋಹವಲ್ಲದಿದ್ದರೂ ವಿದ್ಯುತ್ ಶ್ರೇಣಿಯಲ್ಲಿ ಲೋಹಗಳಿಗಿಂತ ಮೇಲಿನ ಪಂಕ್ತಿಯಲ್ಲಿ ಕೂರುತ್ತದೆ. ತಾಮ್ರದ ಮಿಶ್ರಲೋಹಗಳಾದರೋ ಸಂದುಗಳನ್ನು ಸಾಕಷ್ಟು ಸಹಿಸುತ್ತವೆ. ಕೊಳವೆಯ ಮೈಯಲ್ಲಿ ಗೆಲ್ಲುವ ಲೋಹ ಫ್ಲ್ಯಾಂಜಿನ ಮುಖದಲ್ಲಿ ಸೋಲುವುದು ಹೀಗೆ.

ಜೋಡಣೆಯ ಪ್ರಶ್ನೆ ಎಷ್ಟು ಘೋರವಾಗಬಲ್ಲುದೆಂಬುದನ್ನು ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿ 'ಥ್ರೆಷರ್'ನ ದುರಂತ ತೋರಿಸಿತು. 1963ರ ಏಪ್ರಿಲ್ 10ರಂದು, ಹಡಗುಕಟ್ಟೆಯಲ್ಲಿ ದುರಸ್ತಿ ಮುಗಿಸಿ ಆಳದ ಪರೀಕ್ಷೆಗೆ ಇಳಿದಿದ್ದ ಅದು 129 ಜನರೊಂದಿಗೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಎಂಜಿನ್ ಕೋಣೆಯ ಕಡಲನೀರಿನ ಕೊಳವೆಯ ಜೋಡಣೆಯೊಂದು ಬಿಟ್ಟುಕೊಂಡು, ಚಿಮ್ಮಿದ ನೀರಿನಿಂದ ವಿದ್ಯುತ್ ವ್ಯವಸ್ಥೆ ಕೆಟ್ಟು, ರಿಯಾಕ್ಟರು ನಿಂತಿರಬೇಕೆಂದು ನೌಕಾಪಡೆಯ ವಿಚಾರಣಾ ಮಂಡಳಿ ಊಹಿಸಿತು. ಮೂಲ ಕಾರಣ ವಿದ್ಯುತ್ ವೈಫಲ್ಯವೇ ಹೊರತು ಕೊಳವೆಯಲ್ಲ ಎಂದು ವಾದಿಸುವ ತಜ್ಞರೂ ಇದ್ದಾರೆ. ಎರಡೂವರೆ ಕಿಲೋಮೀಟರು ಆಳದಲ್ಲಿ ಚೂರಾಗಿ ಬಿದ್ದಿರುವ ಹಡಗಿನಿಂದ ಅಂತಿಮ ಸಾಕ್ಷ್ಯ ದೊರೆತಿಲ್ಲ. ವಿವಾದಕ್ಕೆ ಹೊರತಾದ ಸಂಗತಿಯೊಂದಿದೆ. ಇಂಥ ಕೊಳವೆಗಳ ಜೋಡಣೆಗಳು ಬೆಳ್ಳಿಯುಕ್ತ ಮಿಶ್ರಲೋಹವನ್ನು ಕರಗಿಸಿ ಬೆಸೆದವು, ಮತ್ತು ಒಂದೇ ಹಡಗಿನಲ್ಲಿ ಅವುಗಳ ಸಂಖ್ಯೆ ಸಾವಿರಗಳಲ್ಲಿತ್ತು. ಒಳಗೆ ಬೆಸುಗೆ ಪೂರ್ತಿ ಹರಡಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ದುರಸ್ತಿಯ ಕಾಲದಲ್ಲಿ ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಿದ್ದ 145 ಜೋಡಣೆಗಳಲ್ಲಿ ಸುಮಾರು ಶೇ. 14ರಷ್ಟು ನಿಗದಿತ ಮಟ್ಟಕ್ಕಿಂತ ಕೆಳಗಿದ್ದವು. ಉಳಿದವುಗಳ ಪರೀಕ್ಷೆ ಮುಂದುವರಿಯಲಿಲ್ಲ. ಅಂಕಿ ಕಾಗದದ ಮೇಲಿತ್ತು, ಹಡಗು ಕಡಲಿಗಿಳಿಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಆರಂಭಗೊಂಡ 'ಸಬ್‌ಸೇಫ್' ವ್ಯವಸ್ಥೆಯು ಕಡಲನೀರಿನ ಒತ್ತಡಕ್ಕೆ ಒಳಗಾಗುವ ಪ್ರತಿಯೊಂದು ಕೊಳವೆ, ಕವಾಟ, ಫ್ಲ್ಯಾಂಜು, ಬೋಲ್ಟಿನ ಲೋಹ ಯಾವುದು, ಎಲ್ಲಿಂದ ಬಂತು, ಯಾರು ಜೋಡಿಸಿದರು, ಯಾರು ಪರೀಕ್ಷಿಸಿದರು ಎಂಬುದಕ್ಕೆ ದಾಖಲೆ ಬೇಡಿತು. ಲೋಹದ ಆಯ್ಕೆ ಕೈಪಿಡಿಯ ಕೋಷ್ಟಕದಿಂದ ಹೊರಬಂದು ಉತ್ತರದಾಯಿತ್ವದ ವಿಷಯವಾಯಿತು. 1968ರಲ್ಲಿ ಕಳೆದುಹೋದ 'ಸ್ಕಾರ್ಪಿಯನ್' ಈ ಪ್ರಮಾಣಪತ್ರ ಪಡೆದಿರಲಿಲ್ಲ. ಪಡೆದ ಯಾವ ಅಮೆರಿಕನ್ ಜಲಾಂತರ್ಗಾಮಿಯೂ ಈವರೆಗೆ ಕಡಲಪಾಲಾಗಿಲ್ಲ.

1970ರ ದಶಕದಿಂದೀಚೆಗೆ ಉತ್ತರ ಸಮುದ್ರದ ತೈಲವೇದಿಕೆಗಳು ಹೊಸ ಪೀಳಿಗೆಯ ಉಕ್ಕುಗಳಿಗೆ ಪ್ರಯೋಗಶಾಲೆಯಾದವು. ಶೇ. 6 ಮಾಲಿಬ್ಡಿನಂ ಉಕ್ಕು, ಶೇ. 25 ಕ್ರೋಮಿಯಂ ಇರುವ ಸೂಪರ್ ಡ್ಯೂಪ್ಲೆಕ್ಸ್ ಉಕ್ಕುಗಳು ರಭಸದ ನೀರಿಗೆ ಜಗ್ಗುವುದಿಲ್ಲ, ಹಗುರವೂ ಹೌದು. ಅವುಗಳಿಗೂ ಪೆಟ್ಟು ಬಿದ್ದದ್ದು ಫ್ಲ್ಯಾಂಜಿನಲ್ಲೇ. ಜೀವಿಗಳನ್ನು ಕೊಲ್ಲಲು ಕ್ಲೋರಿನ್ ಬೆರೆಸಿದ ನೀರು ಬೆಚ್ಚಗಾದಾಗ ಗ್ಯಾಸ್ಕೆಟ್ಟಿನ ಅಡಿಯ ಸಂದು ಕೊರೆಯತೊಡಗಿತು. ನಾರ್ವೆಯ ನಾರ್ಸೋಕ್ ಮಾನಕವು ಸಂದುಗಳಿರುವ ಎಡೆಗಳಿಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನ ಮಿತಿಯನ್ನು ಹಾಕಿತು. ಅದಕ್ಕಿಂತ ಬಿಸಿಯಾದಲ್ಲಿ ಫ್ಲ್ಯಾಂಜಿನ ಮುಖಕ್ಕೆ ನಿಕಲ್ ಮಿಶ್ರಲೋಹವನ್ನು ಬೆಸೆದು ಹೊದಿಸುವ ಅಥವಾ ಟೈಟೇನಿಯಮ್ಮಿಗೆ ಹೋಗುವ ಪದ್ಧತಿ ಬಂದಿತು.

ಈ 20 ಡಿಗ್ರಿ ಉತ್ತರ ಸಮುದ್ರದಲ್ಲಿ ಆಗೊಮ್ಮೆ ಈಗೊಮ್ಮೆ ದಾಟುವ ಗಡಿ. ಕಾರವಾರ, ಮಂಗಳೂರುಗಳ ಎದುರಿನ ಅರಬ್ಬೀ ಸಮುದ್ರದ ಮೇಲ್ಪದರ ಬೇಸಗೆಯಲ್ಲಿ 29-30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಡಗಿನೊಳಕ್ಕೆ ಬರುವ ಮೊದಲೇ ನೀರು ಆ ಮಿತಿಯನ್ನು ಮೀರಿರುತ್ತದೆ. 2005ರಲ್ಲಿ ಕಾರವಾರದ ಬಳಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೆ ಯುದ್ಧನೌಕೆಗಳು ಈ ಬೆಚ್ಚನೆಯ ನೀರಿನಲ್ಲಿ ತಿಂಗಳುಗಟ್ಟಲೆ ಲಂಗರು ಹಾಕುತ್ತವೆ. ತಣ್ಣನೆಯ ಕಡಲಿನ ಅನುಭವದಿಂದ ಬರೆದ ಕೋಷ್ಟಕವನ್ನು ಇಲ್ಲಿ ಹಾಗೆಯೇ ಅನ್ವಯಿಸುವುದು ತರವಲ್ಲ.

ಇದೇ ಶಾಖ ತಾಮ್ರ-ನಿಕಲ್‌ಗೆ ಅನುಕೂಲವಾಗಿ ಪರಿಣಮಿಸುವುದು ವಿಶೇಷ. ಅದರ ರಕ್ಷಾಪದರ ತಣ್ಣನೆಯ ನೀರಿನಲ್ಲಿ ತಿಂಗಳುಗಟ್ಟಲೆ ಮಾಗಬೇಕು. ಬೆಚ್ಚನೆಯ ಶುದ್ಧ ಕಡಲನೀರಿನಲ್ಲಿ ಬೇಗ ಕೂಡಿಕೊಳ್ಳುತ್ತದೆ. ನೀರು ಶುದ್ಧವಾಗಿರಬೇಕೆಂಬುದೇ ನಿಬಂಧನೆ. ಹಡಗುಕಟ್ಟೆಗಳು ಸಾಮಾನ್ಯವಾಗಿ ನದೀಮುಖಗಳಲ್ಲಿರುತ್ತವೆ. ಅಲ್ಲಿನ ಕೆಸರು ಮತ್ತು ಊರಿನ ಕೊಳಚೆಯಿಂದ ಹುಟ್ಟುವ ಸಲ್ಫೈಡ್ ಹೊಸ ಕೊಳವೆಯಲ್ಲಿ ರಕ್ಷಾಪದರದ ಬದಲು ಕಪ್ಪಾದ, ಸಡಿಲವಾದ ಪೊರೆಯನ್ನು ಕೂರಿಸುತ್ತದೆ. ಅನಂತರ ಕಡಲಿನ ಆಮ್ಲಜನಕಯುಕ್ತ ನೀರು ಹರಿದಾಗ ಆ ಪೊರೆಯ ಅಡಿಯಲ್ಲಿ ಕುಳಿಗಳು ಬೀಳುತ್ತವೆ. ಆದ್ದರಿಂದ ನಿರ್ಮಾಣದ ಕಾಲದಲ್ಲಿ ಕೊಳವೆಗಳನ್ನು ಬಂದರಿನ ನೀರಿನಿಂದ ಪರೀಕ್ಷಿಸದೆ ಸಿಹಿನೀರಿನಿಂದ ಪರೀಕ್ಷಿಸಿ, ಬರಿದುಮಾಡಿ ಒಣಗಿಸುವುದು, ಹಡಗು ಮೊದಲ ಬಾರಿ ತೆರೆದ ಕಡಲಿಗೆ ಹೋದಾಗ ಶುದ್ಧ ಕಡಲನೀರನ್ನು ಎಡೆಬಿಡದೆ ಹರಿಸಿ ಪದರ ಕೂಡಿಕೊಳ್ಳಲು ಬಿಡುವುದು, ಕೆಲವೆಡೆ ಆ ನೀರಿಗೆ ಫೆರಸ್ ಸಲ್ಫೇಟ್ ಬೆರೆಸುವುದು ರೂಢಿಯಲ್ಲಿದೆ. ಫ್ಲ್ಯಾಂಜುಗಳ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಉಕ್ಕಿನ ಹಿಂಬದಿಯ ಬಣ್ಣವನ್ನು ಪರೀಕ್ಷಿಸುವ ಕೆಲಸವೂ ಆ ಮೊದಲ ಯಾನದ ಬಳಿಕವೇ ನಡೆಯುತ್ತದೆ.